ಕೆಳಗಿಡಲು ಬಾರದ್ದು

ತಳವಿಲ್ಲ ಇದಕ್ಕೆ.
ತೂತೆಂದು ತಿಳಿಯಬೇಡಿ,
ಕೂರುವುದಕ್ಕೊಂದು ಕುಂಡೆಯಿಲ್ಲ, ಅಷ್ಟೆ.
ಕೆಳಗೆ ಎದೆಯತನಕ ಕುದುರೆ, ಅಲ್ಲಿಂದ ಮೇಲಕ್ಕೆ
ಹುರುಪೆ ಹುರುಪೆ ಮೀನು,
ಎದ್ದು ನಿಂತ ಬಾಲ ತುತ್ತೂರಿಯ ಹಾಗೆ ಬಾಯಿ ಬಿಟ್ಟಿದೆ.
ಬಾಲಕ್ಕೆ ಹೊಯ್ಯಬೇಕು ಮದ್ಯ,
ಗೊರಸುಗಳ ನಡುವಿನ ಸಣ್ಣ ರಂಧ್ರದಿಂದ
ಧಾರೆ ಬಾಯಿಗೆ ಬಿಟ್ಟುಕೊಳ್ಳಬೇಕು.
ರೋಮಿನವರ ಕಾಲದ್ದು. ಕೆಂಪು ಮಣ್ಣು. ಎಡಗಿವಿ ಮುಕ್ಕು.

"ಮೌನೇಶ, ಇದಕ್ಕೊಂದು ಸ್ಟ್ಯಾಂಡು," ಅಂದರು ಫ್ರೇನಿ ಬಾಯಿ,
"ಹತ್ತು ದಿನ. ಹಿತ್ತಾಳೆ ತಂತಿ. ಕಣ್ಣಿಗೆ ಕಾಣಬಾರದು."

ಕಾಣಬಾರದ ಕೆಲಸವೇ ನನ್ನದು.
ಝವೇರಿ ಬಜಾರಿನ ಮೂರನೇ ಮಾಳಿಗೆಯಲ್ಲಿ
ಹದಿನೇಳು ವರ್ಷ ಹರಳಿಗೆ ಕೊಕ್ಕೆ ಹಿಡಿಸಿದವನು.
ಹರಳು ನೋಡಿದವರುಂಟು, ಕೊಕ್ಕೆ ಯಾರು ನೋಡುತ್ತಾರೆ?
ತೇಜಾಬಿನ ಹೊಗೆ ಎದೆಗಿಳಿದ ಮೇಲೆ
ಬಂದೆ ಈ ಮ್ಯೂಸಿಯಮ್ಮಿನ ನೆಲಮಾಳಿಗೆಗೆ,
ದೇವರುಗಳ ಬೆನ್ನು ಹಿಡಿದು ನಿಲ್ಲಿಸುವುದಕ್ಕೆ.

ಬುದ್ಧನ ತಲೆ ಸುಲಭ. ತೂಕವಿದೆ, ಹೇಳಿದ ಮಾತು ಕೇಳುತ್ತದೆ.
ಇದು ಕೇಳದು.
ಅಡ್ಡ ಮಲಗಿಸಿದರೆ ಸತ್ತ ಬಂಗಡೆ,
ಕಾಲೂರಿಸಿದರೆ ಮುಗ್ಗರಿಸುವ ಟಾಂಗಾ ಕುದುರೆ.
ಮೂರು ದಿನ ಮೇಣದ ನಕಲಿನ ಸುತ್ತ
ತಂತಿ ಬಗ್ಗಿಸಿದೆ, ಬಿಚ್ಚಿದೆ, ಮತ್ತೆ ಬಗ್ಗಿಸಿದೆ.

ನಾಲ್ಕನೇ ದಿನ ಬನ್ ಮಸ್ಕಾ ಚಹಾಕ್ಕೆ ಅದ್ದುತ್ತ
ಫ್ರೇನಿ ಬಾಯಿ ಹೇಳಿದರು:
"ಅದು ನಿಲ್ಲಬಾರದೆಂದೇ ಮಾಡಿದ್ದು ಮಾರಾಯಾ.
ಕೈಗೆ ಬಂದರೆ ಮುಗಿಯಿತು, ಖಾಲಿಯಾಗುವವರೆಗೆ
ಕೆಳಗಿಡುವ ಹಾಗಿಲ್ಲ."

ನಿಲ್ಲಬಾರದ್ದನ್ನು ನಿಲ್ಲಿಸಲು
ತಿಂಗಳ ಮೊದಲ ತಾರೀಖು ಸಂಬಳ.

ಸಂಜೆ ಮನೆಗೆ ಹೊರಟಾಗ ಕಂಡಿತು
ಕಾರಿಡಾರಿನ ಗೋಡೆಗೆ ಸಾಲಾಗಿ ನೇತ ಕೆಂಪು ಬಕೀಟು,
ಬೆಂಕಿ ಬಿದ್ದರೆ ಇರಲಿ ಎಂದು ಮರಳು ತುಂಬಿದ್ದು.
ಅದರ ತಳವೂ ಉರುಟು!
ಯಾರಾದರೂ ನೆಲ ಒರೆಸಲು ಒಯ್ದಾರೆಂದು
ಕೂರದ ಹಾಗೆ ಮಾಡಿದ್ದಾರೆ ಜಾಣರು.
ಇಷ್ಟು ವರ್ಷ ಅದರಡಿಯೇ ಛತ್ರಿ ಒಣಗಿಸಿದ್ದೇನೆ.
"ನಿನ್ನ ದಾಯಾದಿ ಬಂದಿದ್ದಾನೆ, ಕೆಳಗಿದ್ದಾನೆ ನೋಡು"
ಎಂದೆ ಬಕೀಟಿಗೆ. ವಾಚ್‌ಮನ್ನು ತಿರುಗಿ ನೋಡಿದ.

ಲೋಕಲ್ಲಿನಲ್ಲಿ, ಸಾಯನ್ ದಾಟುವಾಗ, ಒಳಲೆ ನೆನಪಾಯಿತು.
ಗಜೇಂದ್ರಗಡದಲ್ಲಿ ಅಪ್ಪ ಬೆಳ್ಳಿಯಲ್ಲಿ ಬಡಿಯುತ್ತಿದ್ದ,
ಬಟ್ಟಲಿನಷ್ಟೇ ಉರುಟು, ತುದಿಗೆ ಗಿಳಿಯ ಕೊಕ್ಕು.
ಹಾಲು ಹಾಕಿ ಕೆಳಗಿಟ್ಟರೆ ವಾಲಿ ಚೆಲ್ಲುತ್ತಿತ್ತು.
"ತಳ ಚಪ್ಪಟೆ ಮಾಡು" ಎಂದರೆ ಸಿಟ್ಟಿಗೇಳುತ್ತಿದ್ದ,
"ಕೂಸಿನ ಹಾಲು ಕೆಳಗಿಟ್ಟು ಎಲ್ಲಿಗೆ ಹೋಗುವವಳಿದ್ದಾಳೆ ತಾಯಿ?"
ನನ್ನ ಮಗಳಿಗೂ ಒಂದು ಮಾಡಿ ಕಳಿಸಿದ್ದ.
ಖೋಲಿಯ ಪಗಡಿಗೆ ಕಡಿಮೆ ಬಿದ್ದ ವರ್ಷ
ನಾನೇ ಅದನ್ನು ಮೂಸೆಗೆ ಹಾಕಿದೆ.
ಕೊಕ್ಕು ಕೊನೆಗೆ ಕರಗಿತು.

ಐದನೇ ದಿನ ಕೈಗವಸು ಹಾಕಿ ಎತ್ತಿಕೊಂಡೆ ಕುದುರೆಮೀನನ್ನು,
ಅಳತೆಗೆಂದು, ಎರಡೇ ನಿಮಿಷ.
ಫ್ರೇನಿ ಬಾಯಿಗೆ ಫೋನು ಬಂತು.
ಅದು ಮಲಗುವ ಸ್ಪಂಜಿನ ತೊಟ್ಟಿಲನ್ನು
ಸರಿಯಾಗಿ ಕತ್ತರಿಸಲು ಹುಡುಗ ಒಯ್ದಿದ್ದ.
ನಿಂತೆ.
ಇಪ್ಪತ್ತು ನಿಮಿಷ, ಎಲ್ಲೂ ಇಡಲಾಗದೆ,
ಫ್ಯಾನಿನ ಕೆಳಗೆ ಬೆವರುತ್ತ,
ಸಾವಿರದೆಂಟುನೂರು ವರ್ಷದ ಒಂದು ಖಾಲಿಯನ್ನು ಹೊತ್ತು.
ಕೈ ತಾನೇ ಹುಡುಕಿಕೊಂಡಿತು ಜಾಗ:
ಕುತ್ತಿಗೆಯ ಕೆಳಗೆ ಎರಡು ಬೆರಳು, ಹೊಟ್ಟೆಗೆ ಎರಡು,
ರೆಕ್ಕೆಯಿರಬೇಕಾದಲ್ಲಿ ಹೆಬ್ಬೆರಳು.

ಆಮೇಲೆ ತಂತಿ ಬಗ್ಗಿಸಲು ಒಂದೇ ಮಧ್ಯಾಹ್ನ ಸಾಕಾಯಿತು.

ಈಗ ಗಾಜಿನಾಚೆ ನಿಂತಿದೆ. ಶಾಲೆಯ ಮಕ್ಕಳು
ಕುದುರೆಯೋ ಮೀನೋ ಎಂದು ಜಗಳಾಡುತ್ತಾರೆ.
ಮಣ್ಣಿನ ಬಣ್ಣ ಬಳಿದ ಐದು ತಂತಿ ಯಾರಿಗೂ ಕಾಣುವುದಿಲ್ಲ,
ಫ್ರೇನಿ ಬಾಯಿ ಖುಷಿಯಾಗಿದ್ದಾರೆ.
ಹೆಬ್ಬೆರಳಿನದು ಮಾತ್ರ ತುಸು ಬಿಗಿ.
ಅದನ್ನು ಹಾಗೇ ಬಿಟ್ಟಿದ್ದೇನೆ.
ಆಗ ನನ್ನ ಮೂಗು ತುರಿಸುತ್ತಿತ್ತು.